ವಾಕಿಂಗ್ ಬೇಸ್ ಕಲಿಯಬೇಕೆ? ನಾಲ್ಕನೇ ಮಾತ್ರೆಯಿಂದ ಶುರು ಮಾಡಿ

ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬೇಸ್ ಗಿಟಾರ್ ಹೇಳಿಕೊಡುತ್ತೇನೆ. ಹುಬ್ಬಳ್ಳಿ, ಗದಗ, ಹಾವೇರಿಯಿಂದಲೂ ಹುಡುಗರು, ಹುಡುಗಿಯರು ಬರುತ್ತಾರೆ. ಬಹಳಷ್ಟು ಜನ ಆರ್ಕೆಸ್ಟ್ರಾದಲ್ಲೋ ಚರ್ಚಿನಲ್ಲೋ ನುಡಿಸಿದವರು. ಕೈ ಚೆನ್ನಾಗಿರುತ್ತದೆ. ಆದರೆ ಜಾಝ್ ವಾಕಿಂಗ್ ಲೈನಿಗೆ, ಅಂದರೆ ತಾಳದ ಪ್ರತಿ ಮಾತ್ರೆಗೂ (ಎಣಿಕೆಗೂ) ಒಂದೊಂದು ಸ್ವರದಂತೆ ಹೆಜ್ಜೆ ಹಾಕುವ ಬೇಸ್ ನಡಿಗೆಗೆ, ಬಂದ ಕೂಡಲೇ ಎಲ್ಲರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಅದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬದಲಾಗುವ ಜಾಗ.

ಕಳೆದ ಮಳೆಗಾಲದಲ್ಲಿ ಗದಗದ ಒಬ್ಬ ಹುಡುಗ ಇದನ್ನೇ ಹೇಳಿದ. "ಸರ, ಬಾರಿನೊಳಗ ಎಲ್ಲಾ ಬರ್ತದ್ರಿ. ಕಾರ್ಡ್ ಬದಲಾಗೂ ಹೊತ್ತಿಗೆ ಕೈ ಜಿಗೀತದ." ಬಾರು ಅಂದರೆ ನಾಲ್ಕು ಮಾತ್ರೆಯ ಒಂದು ಮನೆ. ಅವನು ಆರು ವರ್ಷ ತಬಲಾ ಕಲಿತವನು. ತಬಲಾದಲ್ಲಿ ಸಮ್ ಅಂದರೆ ತಾಳದ ಮೊದಲ ಮಾತ್ರೆ, ಮುಖಡಾ ಅಂದರೆ ಆ ಸಮ್ಮಿಗೆ ಕರೆದುಕೊಂಡು ಹೋಗುವ ತುಣುಕು. "ಮುಖಡಾ ಎಲ್ಲಿಂದ ಎತ್ಕೋತಿ?" ಅಂತ ಕೇಳಿದೆ. "ಸಮ್ಮಿನಕಿಂತ ಮುಂಚೆ ರಿ." "ಸಮ್ ಬಂದ ಮ್ಯಾಲೆ ಎತ್ಕೊಂಡ್ರ?" ಅವನು ಉತ್ತರ ಕೊಡಲಿಲ್ಲ. ಗಿಟಾರ್ ಎತ್ತಿಕೊಂಡು ಅದೇ ಎರಡು ಬಾರುಗಳನ್ನು ಮತ್ತೆ ನುಡಿಸಿದ. ಈ ಸಲ ನಾಲ್ಕನೇ ಮಾತ್ರೆಯಲ್ಲೇ ಕೈ ಮುಂದಿನ ಕಾರ್ಡಿನ ಹತ್ತಿರ ಹೋಗಿ ಕೂತಿತ್ತು. ಜಿಗಿಯುವ ಪ್ರಸಂಗವೇ ಬರಲಿಲ್ಲ.

ಈ ಮಾರ್ಗದರ್ಶಿ ಪೂರ್ತಿ ನಿಂತಿರುವುದು ಆ ಒಂದು ಮಾತಿನ ಮೇಲೆ. ನಾಲ್ಕನೇ ಮಾತ್ರೆ ಈ ಬಾರಿಗೆ ಸೇರಿದ್ದಲ್ಲ, ಮುಂದಿನ ಬಾರಿನ ಮುಖಡಾ. ಅದಕ್ಕೇ ಹಂತಗಳ ಕ್ರಮ ನೀವು ಬೇರೆ ಕಡೆ ನೋಡಿದ್ದಕ್ಕಿಂತ ಬೇರೆ ಇದೆ. ದಯವಿಟ್ಟು ಹಂತ ಹಾರಿಸಬೇಡಿ.

## ಮೊದಲು ಬೇಕಾದ ಸಾಮಾನು

ನಾಲ್ಕು ತಂತಿಯ ಬೇಸ್ ಗಿಟಾರ್ ಸಾಕು. ದಪ್ಪ ತಂತಿಯಿಂದ ಹಿಡಿದು ಇ, ಎ, ಡಿ, ಜಿ ಶ್ರುತಿ. ಬೇಸ್ ಇಲ್ಲದಿದ್ದರೆ ಕೊಳ್ಳುವವರೆಗೆ ಕಾಯಬೇಡಿ. ಸಾದಾ ಗಿಟಾರಿನ ದಪ್ಪ ನಾಲ್ಕು ತಂತಿಗಳ ಹೆಸರೂ ಇವೇ, ಒಂದು ಸಪ್ತಕ ಮೇಲಿರುತ್ತವೆ ಅಷ್ಟೇ. ಲೈನ್ ಕಟ್ಟುವುದನ್ನು ಅದರಲ್ಲೇ ಕಲಿಯಬಹುದು.

ಒಂದು ಮೆಟ್ರೊನೋಮ್ ಆ್ಯಪ್, ಒಂದು ನೋಟ್‌ಬುಕ್, ಪೆನ್ಸಿಲ್ ಬೇಕು. ಪೆನ್ನಲ್ಲ, ಪೆನ್ಸಿಲ್ಲೇ. ಅಳಿಸುವ ಕೆಲಸ ಬಹಳ ಇದೆ. ಮನೆಯಲ್ಲಿ ಹಾರ್ಮೋನಿಯಂ ಅಥವಾ ಕೀಬೋರ್ಡ್ ಇದ್ದರೆ ಕಾರ್ಡ್ ಕೇಳಿಸಿಕೊಳ್ಳಲು ಉಪಯೋಗವಾಗುತ್ತದೆ.

ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಬೇಸಿನ ಖಾಲಿ ಇ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಫೋನಿನ ಸ್ಪೀಕರ್‌ಗೆ ಆ ಆಳ ಸಿಗುವುದೇ ಇಲ್ಲ. "ರೆಕಾರ್ಡ್ ಕೇಳಿದೆ ಸರ್, ಬೇಸ್ ಗೊತ್ತೇ ಆಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ಫೋನ್ ಸ್ಪೀಕರಿನಲ್ಲಿ ಕೇಳಿರುತ್ತಾರೆ.

ಇನ್ನೊಂದು ಮುಖ್ಯ ಮಾತು. ಅಭ್ಯಾಸದ ಹೊತ್ತಿನಲ್ಲಿ ತಂಬೂರಿ ಆ್ಯಪ್ ಬಂದ್ ಮಾಡಿ. ನಮ್ಮ ಕಡೆ ಗಾಯನ ಕಲಿತವರು ಸಂಗೀತಕ್ಕೆ ಕೂತರೆ ಮೊದಲು ತಂಬೂರಿ ಹಚ್ಚುತ್ತಾರೆ, ಅದು ಒಳ್ಳೆಯ ರೂಢಿ. ಆದರೆ ಇಲ್ಲಿ ಪ್ರತಿ ಕಾರ್ಡಿಗೂ ಷಡ್ಜ ಬದಲಾಗುತ್ತದೆ. ಎಫ್ ಶ್ರುತಿಯ ತಂಬೂರಿ ಹಚ್ಚಿಕೊಂಡು ಡಿ 7 ಕಾರ್ಡಿಗೆ ಹೋದರೆ ಅದರಲ್ಲಿರುವ ಎಫ್ ಶಾರ್ಪ್ ಆ ತಂಬೂರಿಗೆ ಕಚ್ಚಾಡುತ್ತದೆ. ಆಗ ಸರಿಯಾದ ಸ್ವರವೇ ತಪ್ಪು ಅನ್ನಿಸಿ ಕೈ ಹಿಂದೆ ಸರಿಯುತ್ತದೆ.

## ಹಂತ 1: ಐದು ಫ್ರೆಟ್ ಒಳಗಿನ ಹೆಸರುಗಳು

ಮೊದಲ ಐದು ಫ್ರೆಟ್‌ಗಳಲ್ಲಿ (ಗಿಟಾರಿನ ಕುತ್ತಿಗೆಯ ಅಡ್ಡಗೆರೆಗಳ ಮನೆಗಳಲ್ಲಿ) ಯಾವ ಸ್ವರ ಎಲ್ಲಿದೆ ಅಂತ ಬಾಯಲ್ಲಿ ಹೇಳಲು ಬರಬೇಕು. ಇ ತಂತಿಯಲ್ಲಿ 1 ಎಫ್, 3 ಜಿ, 5 ಎ. ಎ ತಂತಿಯಲ್ಲಿ 1 ಬಿ ಫ್ಲ್ಯಾಟ್, 2 ಬಿ, 3 ಸಿ, 5 ಡಿ. ಡಿ ತಂತಿಯಲ್ಲಿ 2 ಇ, 3 ಎಫ್, 5 ಜಿ. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಕೊಡಿ. ಬೆರಳಿಗೆ ಗೊತ್ತಿದ್ದು ಬಾಯಿಗೆ ಗೊತ್ತಿಲ್ಲದಿದ್ದರೆ ಹಂತ 4ರಲ್ಲಿ ಸಿಕ್ಕಿಬೀಳುತ್ತೀರಿ.

## ಹಂತ 2: ಚೌಕಟ್ಟು ಬಾಯಿಪಾಠ

ನಾವು ಹಿಡಿಯುವುದು ಎಫ್‌ನಲ್ಲಿರುವ 12 ಬಾರಿನ ಜಾಝ್ ಬ್ಲೂಸ್, ಅಂದರೆ 12 ಬಾರಿಗೊಮ್ಮೆ ಸುತ್ತಿ ಬರುವ ಕಾರ್ಡ್‌ಗಳ ಚೌಕಟ್ಟು. ಹಾರ್ಮೋನಿಯಂನಲ್ಲಿ ಬಿಳಿ ನಾಲ್ಕು.

ಮೊದಲ ಸಾಲು: ಎಫ್ 7, ಬಿ ಫ್ಲ್ಯಾಟ್ 7, ಎಫ್ 7, ಎಫ್ 7.
ಎರಡನೇ ಸಾಲು: ಬಿ ಫ್ಲ್ಯಾಟ್ 7, ಬಿ ಫ್ಲ್ಯಾಟ್ 7, ಎಫ್ 7, ಡಿ 7.
ಮೂರನೇ ಸಾಲು: ಜಿ ಮೈನರ್ 7, ಸಿ 7, ಕೊನೆಯ ಎರಡು ಬಾರಿನಲ್ಲಿ ಎರಡೆರಡು ಕಾರ್ಡ್: ಎಫ್ 7–ಡಿ 7, ಜಿ ಮೈನರ್ 7–ಸಿ 7.

ತೀನ್‌ತಾಲ ಗೊತ್ತಿದ್ದವರಿಗೆ ಇದು ಬೇಗ ಕೂಡುತ್ತದೆ. ಬಾರಿಗೆ ನಾಲ್ಕು ಮಾತ್ರೆ, ಅಂದರೆ ತೀನ್‌ತಾಲದ ಒಂದು ವಿಭಾಗ. ಒಂದು ಸಾಲು ಅಂದರೆ 16 ಮಾತ್ರೆಯ ಒಂದು ಆವರ್ತನ. ಇಡೀ ಚೌಕಟ್ಟು ಮೂರು ಆವರ್ತನ, 48 ಮಾತ್ರೆ. ಕೈಯಲ್ಲಿ ತಾಳ ಹಾಕುತ್ತಾ ಕಾರ್ಡಿನ ಹೆಸರು ಮಾತ್ರ ಹೇಳಿ. ವಾದ್ಯ ಮುಟ್ಟಬೇಡಿ. ಚೌಕಟ್ಟು ನೆನಪಿಡಲು ತಾಳ ಒಳ್ಳೆಯದು. ಆದರೆ ಸಮ್ಮಿನ ಮೇಲೆ ಒತ್ತು ಕೊಡುವ ಅಭ್ಯಾಸವನ್ನು ಇಲ್ಲಿಗೆ ತರಬೇಡಿ, ಯಾಕೆ ಅಂತ ಹಂತ 6ರಲ್ಲಿ ಹೇಳುತ್ತೇನೆ.

ಹೆಸರು ಬಂದ ಮೇಲೆ ಪ್ರತಿ ಬಾರಿನ ಒಂದನೇ ಮಾತ್ರೆಗೆ ಆ ಕಾರ್ಡಿನ ಮೂಲಸ್ವರ (ಕಾರ್ಡಿಗೆ ಹೆಸರು ಕೊಟ್ಟ ಸ್ವರ) ನುಡಿಸಿ, ನಾಲ್ಕೂ ಮಾತ್ರೆ ಅದನ್ನೇ ಹಿಡಿಯಿರಿ. ಆಮೇಲೆ ಬಾರಿಗೆ ಎರಡು ಸ್ವರ: ಒಂದಕ್ಕೆ ಮೂಲಸ್ವರ, ಮೂರಕ್ಕೆ ಅದರ ಪಂಚಮ. ಕಾರ್ಡ್ ಎರಡಿರುವ ಬಾರಿನಲ್ಲಿ ಎರಡು ಮೂಲಸ್ವರ. ಮೂರು ಸಲ ಸುತ್ತಿ ಬಂದರೂ ದಾರಿ ತಪ್ಪಬಾರದು.

ಎಚ್ಚರಿಕೆಯ ಗುರುತು: 8ನೇ ಬಾರಿನಲ್ಲಿ ಡಿ 7 ಬಂದಾಗ ಬೆಚ್ಚಿದರೆ ಚೌಕಟ್ಟು ಇನ್ನೂ ತಲೆಯಲ್ಲಿ ಕೂತಿಲ್ಲ. ಮುಂದೆ ಹೋಗಬೇಡಿ.

## ಹಂತ 3: ಪ್ರತಿ ಕಾರ್ಡಿನ ನಾಲ್ಕು ಸ್ವರ

ಕಾರ್ಡಿನ ಮೂಲಸ್ವರವನ್ನು ಷಡ್ಜ ಅಂದುಕೊಳ್ಳಿ. ಸುಮ್ನೆ 7 ಅಂತ ಬರೆದ ಕಾರ್ಡಿನಲ್ಲಿ ಸ, ಶುದ್ಧ ಗ, ಪ, ಕೋಮಲ ನಿ. ಮೈನರ್ 7 ಆದರೆ ಸ, ಕೋಮಲ ಗ, ಪ, ಕೋಮಲ ನಿ. ಮೇಜರ್ 7 ಆದರೆ ಸ, ಗ, ಪ, ಶುದ್ಧ ನಿ. ಈ ಚೌಕಟ್ಟಿಗೆ ಮೊದಲ ಎರಡು ಸಾಕು.

ಎಫ್ 7: ಎಫ್, ಎ, ಸಿ, ಇ ಫ್ಲ್ಯಾಟ್. ಬಿ ಫ್ಲ್ಯಾಟ್ 7: ಬಿ ಫ್ಲ್ಯಾಟ್, ಡಿ, ಎಫ್, ಎ ಫ್ಲ್ಯಾಟ್. ಡಿ 7: ಡಿ, ಎಫ್ ಶಾರ್ಪ್, ಎ, ಸಿ. ಜಿ ಮೈನರ್ 7: ಜಿ, ಬಿ ಫ್ಲ್ಯಾಟ್, ಡಿ, ಎಫ್. ಸಿ 7: ಸಿ, ಇ, ಜಿ, ಬಿ ಫ್ಲ್ಯಾಟ್.

ಇಲ್ಲಿ ಬಹಳ ಜನ ಸ್ಕೇಲ್‌ಗಳ ಕಡೆ ಹೊರಳಿ ಮೂರು ತಿಂಗಳು ಕಳೆದುಬಿಡುತ್ತಾರೆ. ಬೇಡ. ಕಾರ್ಡಿನ ನಾಲ್ಕು ಸ್ವರ ಗೊತ್ತಿದ್ದರೆ ಮೊದಲ ಲೈನ್ ಕಟ್ಟಬಹುದು. ಸ್ಕೇಲ್ ಬೇಕಾಗುತ್ತದೆ, ಆದರೆ ಅದು ನಡುವಿನ ಸ್ವರ ತುಂಬಲು. ನಡೆ ಎತ್ತ ಹೋಗಬೇಕು ಅಂತ ಸ್ಕೇಲ್ ಹೇಳುವುದಿಲ್ಲ.

## ಹಂತ 4: ಒಂದು ಮತ್ತು ನಾಲ್ಕು ಮಾತ್ರ

ಇದೇ ತಿರುವು. ಇಲ್ಲಿ ಎರಡು ವಾರ ಕಳೆದರೂ ನಷ್ಟವಿಲ್ಲ.

ನೋಟ್‌ಬುಕ್ಕಿನಲ್ಲಿ 12 ಮನೆ ಎಳೆಯಿರಿ. ಪ್ರತಿ ಮನೆಯಲ್ಲಿ ನಾಲ್ಕು ಚುಕ್ಕೆ. ಮೊದಲ ಚುಕ್ಕೆಗೆ ಮೂಲಸ್ವರ ಬರೆಯಿರಿ. ಆಮೇಲೆ ಎರಡನೇ ಚುಕ್ಕೆಗೆ ಹೋಗದೆ ನೇರ ನಾಲ್ಕನೆಯದಕ್ಕೆ ಹೋಗಿ, ಮುಂದಿನ ಮನೆಯ ಮೊದಲ ಸ್ವರ ನೋಡಿ, ಅದಕ್ಕೆ ಕರೆದುಕೊಂಡು ಹೋಗುವ ಸ್ವರ ಬರೆಯಿರಿ. ದಾರಿ ಮೂರಿವೆ.

ಮೇಲಿನಿಂದ ಇಳಿಯುವುದು: ಗುರಿಗಿಂತ ಒಂದು ಫ್ರೆಟ್ ಮೇಲೆ. ಬಿ ಫ್ಲ್ಯಾಟ್‌ಗೆ ಬಿ.

ಕೆಳಗಿನಿಂದ ಹತ್ತುವುದು: ಒಂದು ಫ್ರೆಟ್ ಕೆಳಗೆ. ಬಿ ಫ್ಲ್ಯಾಟ್‌ಗೆ ಎ.

ಪಂಚಮದಿಂದ ಬರುವುದು: ಬಿ ಫ್ಲ್ಯಾಟ್‌ಗೆ ಎಫ್.

ಮುಂದಿನ ಕಾರ್ಡಿನ ಮೂಲಸ್ವರವನ್ನು ಷಡ್ಜ ಅಂದುಕೊಂಡರೆ ಈ ಮೂರೂ ನಿಮಗೆ ಪರಿಚಯದ ಸ್ವರಗಳೇ. ಕೋಮಲ ರಿಷಭದಿಂದ ಸಕ್ಕೆ, ಶುದ್ಧ ನಿಷಾದದಿಂದ ಸಕ್ಕೆ, ಪಂಚಮದಿಂದ ಸಕ್ಕೆ. ಒಂದು ಸಲ ಹಾಡಿ ನೋಡಿ. ಆ ಕೋಮಲ ರಿ ಹೇಗೆ ಸಕ್ಕೆ ಜಾರಿಕೊಳ್ಳುತ್ತದೆ ಅನ್ನುವುದನ್ನು ಇಲ್ಲಿನ ಗಾಯನದ ವಿದ್ಯಾರ್ಥಿಗಳಿಗೆ ಯಾರೂ ವಿವರಿಸಬೇಕಿಲ್ಲ. ಒಂದೇ ವ್ಯತ್ಯಾಸ, ಈಗ ನುಡಿಯುತ್ತಿರುವ ಕಾರ್ಡಿನ ಸ ಅಲ್ಲ, ಬರಲಿರುವ ಕಾರ್ಡಿನ ಸ.

ಈಗ ನುಡಿಸಿ. ಮೆಟ್ರೊನೋಮ್ 60ಕ್ಕೆ ಇಡಿ. ಒಂದನೇ ಮಾತ್ರೆಗೆ ಮೂಲಸ್ವರ, ಅದನ್ನು ಮೂರು ಮಾತ್ರೆ ಹಿಡಿದು ನಾಲ್ಕಕ್ಕೆ ಮುಖಡಾ ಸ್ವರ. ಆ ಗದಗದ ಹುಡುಗನಿಗೆ ಎರಡು ವಾರ ಇದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಮೂರನೇ ವಾರ ಅವನು ಹೊಸ ಚೌಕಟ್ಟಿನ ಕಾರ್ಡ್‌ಗಳನ್ನು ನೋಡಿಕೊಂಡೇ ನೇರವಾಗಿ ನಡೆದುಬಿಟ್ಟ.

ಸಾಮಾನ್ಯ ತಪ್ಪು: ಗುರಿಯ ಸ್ವರವನ್ನೇ ನಾಲ್ಕನೇ ಮಾತ್ರೆಯಲ್ಲಿ ನುಡಿಸಿಬಿಡುವುದು. ಆಗ ಮುಂದಿನ ಬಾರಿನ ಸಮ್‌ಗೆ ಹೊಸದೇನೂ ಉಳಿಯುವುದಿಲ್ಲ. ಕೇಳುವವರಿಗೆ ಕಾರ್ಡ್ ಒಂದು ಮಾತ್ರೆ ಮೊದಲೇ ಬದಲಾದಂತೆ ಕೇಳಿಸುತ್ತದೆ.

## ಹಂತ 5: ನಡುವಿನದನ್ನು ತುಂಬಿ

ಈಗ ಎರಡು ಮತ್ತು ಮೂರನೇ ಚುಕ್ಕೆ. ಶುರುವಿಗೆ ಒಂದು ನಿಯಮ ಸಾಕು: ಮೂರನೆಯದು ಆದಷ್ಟೂ ಕಾರ್ಡಿನ ಸ್ವರವಾಗಿರಲಿ, ಎರಡನೆಯದು ಕಾರ್ಡಿನದ್ದೋ ದಾರಿಯ ಸ್ವರವೋ ಆಗಬಹುದು. ಒಂದರಿಂದ ನಾಲ್ಕಕ್ಕೆ ಸಲೀಸಾಗಿ ಹೋಗುವ ದಾರಿ ಹುಡುಕಿ.

ನನ್ನ ವಿದ್ಯಾರ್ಥಿಗಳಿಗೆ ಬರೆದುಕೊಡುವ ಲೈನ್ ಇದು. ಆವರಣದಲ್ಲಿರುವುದು ತಂತಿ ಮತ್ತು ಫ್ರೆಟ್. ಎ0 ಅಂದರೆ ಎ ತಂತಿ ಖಾಲಿ.

1. ಎಫ್ (ಇ1), ಎ (ಎ0), ಸಿ (ಎ3), ಬಿ (ಎ2)
2. ಬಿ ಫ್ಲ್ಯಾಟ್ (ಎ1), ಡಿ (ಡಿ0), ಎಫ್ (ಡಿ3), ಜಿ ಫ್ಲ್ಯಾಟ್ (ಡಿ4)
3. ಎಫ್ (ಡಿ3), ಸಿ (ಎ3), ಎ (ಎ0), ಜಿ ಫ್ಲ್ಯಾಟ್ (ಇ2)
4. ಎಫ್ (ಇ1), ಜಿ (ಇ3), ಎ ಫ್ಲ್ಯಾಟ್ (ಇ4), ಎ (ಎ0)
5. ಬಿ ಫ್ಲ್ಯಾಟ್ (ಎ1), ಸಿ (ಎ3), ಡಿ (ಡಿ0), ಇ (ಡಿ2)
6. ಎಫ್ (ಡಿ3), ಡಿ (ಡಿ0), ಬಿ ಫ್ಲ್ಯಾಟ್ (ಎ1), ಜಿ ಫ್ಲ್ಯಾಟ್ (ಇ2)
7. ಎಫ್ (ಇ1), ಎ (ಎ0), ಸಿ (ಎ3), ಇ ಫ್ಲ್ಯಾಟ್ (ಡಿ1)
8. ಡಿ (ಡಿ0), ಸಿ (ಎ3), ಎ (ಎ0), ಎ ಫ್ಲ್ಯಾಟ್ (ಇ4)
9. ಜಿ (ಇ3), ಬಿ ಫ್ಲ್ಯಾಟ್ (ಎ1), ಡಿ (ಡಿ0), ಡಿ ಫ್ಲ್ಯಾಟ್ (ಎ4)
10. ಸಿ (ಎ3), ಇ (ಡಿ2), ಜಿ (ಡಿ5), ಜಿ ಫ್ಲ್ಯಾಟ್ (ಡಿ4)
11. ಎಫ್ (ಡಿ3), ಇ ಫ್ಲ್ಯಾಟ್ (ಡಿ1), ಡಿ (ಡಿ0), ಎ ಫ್ಲ್ಯಾಟ್ (ಇ4)
12. ಜಿ (ಇ3), ಡಿ ಫ್ಲ್ಯಾಟ್ (ಎ4), ಸಿ (ಎ3), ಜಿ ಫ್ಲ್ಯಾಟ್ (ಇ2)

ಅಲ್ಲಿಂದ ಮತ್ತೆ 1ಕ್ಕೆ, ಇ1ರ ಎಫ್.

ಕೆಲವು ಜಾಗಗಳಲ್ಲಿ ನಿಂತು ನೋಡಿ. 4ನೇ ಬಾರಿನ ಮೂರನೇ ಮಾತ್ರೆ ಎ ಫ್ಲ್ಯಾಟ್, ಎಫ್ 7ರ ಸ್ವರವಲ್ಲ. ಆದರೂ ಕಿವಿಗೆ ಒಗ್ಗುತ್ತದೆ, ಯಾಕೆಂದರೆ ಜಿ, ಎ ಫ್ಲ್ಯಾಟ್, ಎ ಒಂದೊಂದೇ ಮೆಟ್ಟಿಲು ಹತ್ತಿ ಬಿ ಫ್ಲ್ಯಾಟ್ ತಲುಪುತ್ತವೆ. ದಿಕ್ಕು ಸ್ಪಷ್ಟವಿದ್ದರೆ ನಿಯಮ ಸಡಿಲವಾಗುತ್ತದೆ. 5 ಮತ್ತು 6ರಲ್ಲಿ ಕಾರ್ಡ್ ಒಂದೇ, ಅದಕ್ಕೆ 6ನ್ನು ಮೂಲಸ್ವರದಿಂದ ಶುರು ಮಾಡದೆ ಪಂಚಮವಾದ ಎಫ್‌ನಿಂದ ಮಾಡಿದ್ದೇನೆ. ಎರಡೂ ಬಾರು ಬಿ ಫ್ಲ್ಯಾಟ್‌ನಿಂದಲೇ ಶುರುವಾದರೆ ನಡಿಗೆ ನಿಂತಂತಾಗುತ್ತದೆ. 9, 10, 11 ಜಾಝ್‌ನಲ್ಲಿ ಎಲ್ಲಿ ಹೋದರೂ ಎದುರಾಗುವ ಟೂ-ಫೈವ್-ವನ್, ಅಂದರೆ ಎಫ್‌ನಿಂದ ಎಣಿಸಿದರೆ ಎರಡನೇ, ಐದನೇ, ಒಂದನೇ ಸ್ವರದ ಕಾರ್ಡ್‌ಗಳು ಒಂದರ ಹಿಂದೊಂದು. ಈ ಮೂರು ಬಾರುಗಳನ್ನು ಬೇರೆ ತೆಗೆದು ನೂರು ಸಲ ನುಡಿಸಿ.

11 ಮತ್ತು 12ರಲ್ಲಿ ಕಾರ್ಡಿಗೆ ಎರಡೇ ಮಾತ್ರೆ. ಅಲ್ಲಿ ತುಂಬಲು ನಡು ಇಲ್ಲವೇ ಇಲ್ಲ: ಮೂಲಸ್ವರ, ಮುಖಡಾ, ಮೂಲಸ್ವರ, ಮುಖಡಾ. ಹಂತ 4 ಸರಿಯಾಗಿ ಮಾಡಿದವರಿಗೆ ಇದು ಅತಿ ಸುಲಭದ ಜಾಗ. ಮಾಡದವರು ಇಲ್ಲೇ ಬಿದ್ದುಹೋಗುತ್ತಾರೆ.

ಲೈನ್ ಬಂದ ಮೇಲೆ ಅದನ್ನೇ ಉಜ್ಜುತ್ತಾ ಕೂರಬೇಡಿ. ಇದರಲ್ಲಿ ಹೆಚ್ಚಿನ ಮುಖಡಾಗಳು ಮೇಲಿನಿಂದ ಇಳಿಯುವಂಥವು. ಪೆನ್ಸಿಲ್ ತೆಗೆದು ನಾಲ್ಕು ಬಾರುಗಳಲ್ಲಿ ಅದನ್ನು ಕೆಳಗಿನದಕ್ಕೆ ಬದಲಿಸಿ. ಉದಾಹರಣೆಗೆ 10ರ ಕೊನೆಗೆ ಜಿ ಫ್ಲ್ಯಾಟ್ ಬದಲು ಇ ಹಾಕಿ. ಇನ್ನೆರಡರಲ್ಲಿ ಪಂಚಮ ಹಾಕಿ. ಹೀಗೆ ವಾರಕ್ಕೆ ಮೂರು ಹೊಸ ಲೈನ್ ಬರೆಯಿರಿ. ಬರೆದದ್ದನ್ನು ಮೊದಲು ಹಾಡಿ, ಆಮೇಲೆ ನುಡಿಸಿ. ನನ್ನ ಒಬ್ಬ ವಿದ್ಯಾರ್ಥಿನಿ ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಹೆಜ್ಜೆಗೊಂದು ಸ್ವರದಂತೆ ಲೈನ್ ಗುನುಗುತ್ತಾ ನಡೆಯುತ್ತಾಳೆ. ಲಯದ ವಿಷಯದಲ್ಲಿ ಅವಳಿಗೆ ನಾನು ಹೇಳುವುದು ಬಹಳ ಕಡಿಮೆ.

ಎಚ್ಚರಿಕೆಯ ಗುರುತು: ಪ್ರತಿ ಬಾರೂ ಸ-ಗ-ಪ-ಸ ಅಂತ ಏರಿ ಮತ್ತೆ ಕೆಳಗೆ ಬಿದ್ದರೆ ಅದು ಅಲಂಕಾರದ ಪಾಠವಾಯಿತು, ನಡಿಗೆಯಲ್ಲ. ಎರಡು ಬಾರು ಏರಿದರೆ ಎರಡು ಬಾರು ಇಳಿಯಿರಿ.

## ಹಂತ 6: ಲಯ ಮತ್ತು ನಾದ

ಸ್ವರ ಸರಿ ಇದ್ದೂ ಲೈನ್ ನಡೆಯುತ್ತಿಲ್ಲ ಅಂದರೆ ತಪ್ಪು ಇಲ್ಲಿರುತ್ತದೆ.

ಮೆಟ್ರೊನೋಮ್ ಬಡಿತವನ್ನು ಒಂದು-ಮೂರಕ್ಕೆ ಅಲ್ಲ, ಎರಡು-ನಾಲ್ಕಕ್ಕೆ ಕೇಳಿಸಿಕೊಳ್ಳಿ. 40ಕ್ಕೆ ಇಟ್ಟು ಆ ಬಡಿತಗಳನ್ನು ಎರಡು ಮತ್ತು ನಾಲ್ಕು ಅಂತ ಎಣಿಸಿದರೆ ನಿಮ್ಮ ವೇಗ 80 ಆಗುತ್ತದೆ. ನಿಧಾನವಾಗಿ 60ಕ್ಕೆ ಏರಿಸಿದರೆ 120. ಮೊದಲ ದಿನ ತಲೆ ತಿರುಗಿದಂತೆ ಆಗುತ್ತದೆ. ಎರಡು ನಿಮಿಷ ಬರೀ ಬಾಯಲ್ಲಿ "ಒಂದು, ಎರಡು, ಮೂರು, ನಾಲ್ಕು" ಎಣಿಸಿ, ಬಡಿತ ಎರಡು-ನಾಲ್ಕಕ್ಕೆ ಕೂತ ಮೇಲೆ ಕೈ ಹಾಕಿ.

ತಬಲಾ ಹಿನ್ನೆಲೆಯವರು ಸಮ್ಮಿಗೆ ಜೋರಾಗಿ ಬಡಿಯುತ್ತಾರೆ. ಇಲ್ಲಿ ಒಂದನೇ ಮಾತ್ರೆಗೆ ಗುದ್ದಿದರೆ ನಡಿಗೆ ಕುಂಟುತ್ತದೆ. ನಾಲ್ಕೂ ಸ್ವರ ಸಮವಾಗಿರಲಿ, ಎರಡು-ನಾಲ್ಕಕ್ಕೆ ಸ್ವಲ್ಪವೇ ಸ್ವಲ್ಪ ಒತ್ತು.

ಪ್ರತಿ ಸ್ವರ ಮುಂದಿನ ಸ್ವರದವರೆಗೆ ಬದುಕಿರಬೇಕು. ಎಡಗೈ ಬೇಗ ಎತ್ತಿದರೆ ನಾದ ತುಂಡಾಗುತ್ತದೆ, ಅದರಲ್ಲೂ ನಾಲ್ಕನೇ ಮಾತ್ರೆಯಲ್ಲಿ. ಹಾಗೆಯೇ ಒಂದು ತಂತಿಯಿಂದ ಇನ್ನೊಂದಕ್ಕೆ ಹೋದಾಗ ಬಿಟ್ಟು ಬಂದ ತಂತಿಯನ್ನು ಸುಮ್ಮನಾಗಿಸಿ. ಖಾಲಿ ತಂತಿಗಳು ಗುಂಯ್‌ಗುಡುತ್ತಾ ಉಳಿದರೆ ಕಾರ್ಡ್ ಕಲಸಿಹೋಗುತ್ತದೆ. ಬಲಗೈ ಬೆರಳುಗಳನ್ನು ಸೇತುವೆಯ ಹತ್ತಿರ ಅಲ್ಲ, ಕುತ್ತಿಗೆಯ ಕಡೆಗೆ ಇಟ್ಟು ಮೀಟಿ. ಟೋನ್ ಗುಂಡಿ ಅರ್ಧಕ್ಕಿಂತ ಕೆಳಗೆ ಇಳಿಸಿ. ನಾದ ದುಂಡಗಾಗುತ್ತದೆ.

ಎಡಗೈ ಕೆಳಗಿನ ಫ್ರೆಟ್‌ಗಳಲ್ಲಿ ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು ಬಳಸಲಿ. ಅಲ್ಲಿ ಫ್ರೆಟ್ ಅಗಲ ಜಾಸ್ತಿ, ಉಂಗುರ ಬೆರಳು ಕಿರುಬೆರಳಿಗೆ ಆಸರೆಯಾಗಿರಲಿ. ಹೆಬ್ಬೆರಳ ಬುಡದಲ್ಲಿ ಅಥವಾ ಮಣಿಕಟ್ಟಿನಲ್ಲಿ ನೋವು ಬಂದರೆ ಆ ದಿನ ನಿಲ್ಲಿಸಿ. ಬೆರಳ ತುದಿಯ ಉರಿ ಕೆಲವು ವಾರದಲ್ಲಿ ಹೋಗುತ್ತದೆ. ಮಣಿಕಟ್ಟಿನ ನೋವನ್ನು ನುಂಗಿಕೊಂಡು ನುಡಿಸಿದರೆ ತಿಂಗಳುಗಟ್ಟಲೆ ಕೂರಬೇಕಾಗಬಹುದು. ಗಿಟಾರ್ ನೇತುಹಾಕುವ ಪಟ್ಟಿ ಎತ್ತರಿಸಿ, ಮಣಿಕಟ್ಟು ಆದಷ್ಟು ನೇರವಾಗುವಂತೆ ನೋಡಿಕೊಳ್ಳಿ.

## ಹಂತ 7: ಒಂಟಿ ಪರೀಕ್ಷೆ

ಹಿನ್ನೆಲೆ ಟ್ರ್ಯಾಕ್ ಇಲ್ಲದೆ, ಬರೀ ಬೇಸ್, ಮೂರು ಸುತ್ತು ಫೋನಿನಲ್ಲಿ ರೆಕಾರ್ಡ್ ಮಾಡಿ. ಮರುದಿನ ಹೆಡ್‌ಫೋನ್ ಹಾಕಿಕೊಂಡು, ನಡುವೆ ಎಲ್ಲೋ ಒಂದು ಕಡೆಯಿಂದ ಕೇಳಲು ಶುರು ಮಾಡಿ. ಎಷ್ಟನೇ ಬಾರಿನಲ್ಲಿದ್ದೀರಿ ಅಂತ ನಿಮಗೆ ಗೊತ್ತಾಗುತ್ತದೆಯೇ? ಗೊತ್ತಾದರೆ ಲೈನ್ ಕಾರ್ಡ್‌ಗಳನ್ನು ಹೇಳುತ್ತಿದೆ. ಗೊತ್ತಾಗದಿದ್ದರೆ ಬಹುಪಾಲು ಮೂರನೇ ಮಾತ್ರೆಗಳು ತೇಲುತ್ತಿರುತ್ತವೆ. ಹಂತ 5ಕ್ಕೆ ಹಿಂದಿರುಗಿ. ಕೊನೆಯ ಸುತ್ತು ಮೊದಲನೆಯದಕ್ಕಿಂತ ವೇಗವಾಗಿದೆಯೇ ಅಂತಲೂ ನೋಡಿ, ಓಡುವುದು ಎಲ್ಲರಿಗೂ ಇರುವ ಚಾಳಿ.

ಇದೇ ಹೊತ್ತಿಗೆ ಜಾಝ್ ಬೇಸ್ ವಾದಕರಾದ ರೇ ಬ್ರೌನ್, ಪಾಲ್ ಚೇಂಬರ್ಸ್, ರಾನ್ ಕಾರ್ಟರ್ ಇವರ ರೆಕಾರ್ಡುಗಳನ್ನು ಕೇಳಿ. ಪೂರ್ತಿ ಲೈನ್ ಹಿಡಿಯಲು ಹೋಗಬೇಡಿ. ಒಂದು ಸುತ್ತು ಬರೀ ನಾಲ್ಕನೇ ಮಾತ್ರೆಗಳನ್ನು ಕೇಳಿ: ಮೇಲಿನಿಂದ ಬಂದರೇ, ಕೆಳಗಿನಿಂದಲೇ, ಪಂಚಮದಿಂದಲೇ? ಪುಸ್ತಕದಲ್ಲಿ ಬಾಣ ಹಾಕಿಕೊಳ್ಳಿ.

## ಹಂತ 8: ಬೇರೆಯವರ ಜೊತೆ, ಬೇರೆ ಶ್ರುತಿಯಲ್ಲಿ

ಡ್ರಮ್ಮರ್ ಜೊತೆ ಕೂತಾಗ ಅವರ ರೈಡ್ ಸಿಂಬಲ್ (ಲಯ ಹಿಡಿದು ಬಾರಿಸುವ ಲೋಹದ ತಟ್ಟೆ) ಕಡೆ ಕಿವಿ ಇರಲಿ. ನಿಮ್ಮ ಸ್ವರ ಮತ್ತು ಆ ಸಿಂಬಲ್ ಒಟ್ಟಿಗೆ ಬೀಳಬೇಕು. ಸೋಲೋ ನುಡಿಸುವವರ ನಡುವೆ ತೂರಿ ಅಲಂಕಾರ ಹಾಕಬೇಡಿ. ದಾರಿ ತಪ್ಪಿದರೆ ನಿಲ್ಲಿಸಬೇಡಿ, ಸಣ್ಣದಾಗಿ ಎಫ್ ಹಿಡಿದು ನಡೆಯುತ್ತಿರಿ. 5ನೇ ಬಾರಿನಲ್ಲಿ ಬಿ ಫ್ಲ್ಯಾಟ್ ಬಂದದ್ದು ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಅಲ್ಲಿ ಸೇರಿಕೊಳ್ಳಿ.

ಎಫ್ ಆದ ಮೇಲೆ ಬಿ ಫ್ಲ್ಯಾಟ್ ಬ್ಲೂಸ್, ಹಾರ್ಮೋನಿಯಂನ ಕರಿ ಐದು. ಮೇಲೆ ಕೊಟ್ಟ ಲೈನಿನಲ್ಲಿ ಇ, ಎ, ಡಿ ಮೂರೇ ತಂತಿ ಇವೆ, ಗಮನಿಸಿದಿರಾ? ಬೇಕಂತಲೇ ಹಾಗೆ ಬರೆದದ್ದು. ಪ್ರತಿ ಸ್ವರವನ್ನು ಪಕ್ಕದ ತೆಳು ತಂತಿಗೆ, ಅದೇ ಫ್ರೆಟ್‌ಗೆ ಸರಿಸಿದರೆ ಇಡೀ ಲೈನ್ ಬಿ ಫ್ಲ್ಯಾಟ್‌ಗೆ ಬಂದುಬಿಡುತ್ತದೆ. ಆದರೆ ಮೊದಲ ಸಲ ಹಾಗೆ ಮಾಡಬೇಡಿ. ಬಿ ಫ್ಲ್ಯಾಟ್ 7, ಇ ಫ್ಲ್ಯಾಟ್ 7, ಜಿ 7, ಸಿ ಮೈನರ್ 7, ಎಫ್ 7 ಇವುಗಳ ನಾಲ್ಕು ನಾಲ್ಕು ಸ್ವರ ಬಾಯಲ್ಲಿ ಹೇಳಿ, ಹೊಸ 12 ಮನೆ ಎಳೆದು, ಒಂದು ಮತ್ತು ನಾಲ್ಕು ಬರೆದುಕೊಳ್ಳಿ. ಅದು ಮುಗಿದ ಮೇಲೆ ತಂತಿ ಸರಿಸಿ ನುಡಿಸಿ, ಎರಡನ್ನೂ ಹೋಲಿಸಿ ನೋಡಿ.

ಆಮೇಲೆ ರಿದಮ್ ಚೇಂಜಸ್ ಅನ್ನುವ 32 ಬಾರಿನ ಚೌಕಟ್ಟು ಹಿಡಿಯಿರಿ, ಅದೂ ಸಾಮಾನ್ಯವಾಗಿ ಬಿ ಫ್ಲ್ಯಾಟ್‌ನಲ್ಲೇ. ಅದರ ನಡುವಿನ ಎಂಟು ಬಾರಿನಲ್ಲಿ ಡಿ 7, ಜಿ 7, ಸಿ 7, ಎಫ್ 7 ಎರಡೆರಡು ಬಾರು ನಿಲ್ಲುತ್ತವೆ. ಮೊದಲು ಆ ಎಂಟು ಬಾರು ಮಾಡಿ. ಸುತ್ತಲಿನ ಭಾಗದಲ್ಲಿ ಕಾರ್ಡಿಗೆ ಎರಡೇ ಮಾತ್ರೆ. ಅದಕ್ಕೆ ಬೇಕಾದ್ದು 11 ಮತ್ತು 12ನೇ ಬಾರುಗಳಲ್ಲಿ ಈಗಾಗಲೇ ನಿಮ್ಮ ಕೈಯಲ್ಲಿದೆ.